ಡಿಸೆಂಬರಿನಲ್ಲಿ ಮರ ಹತ್ತಬೇಡಿ: ನಿಮ್ಮ ಹಾಲೆಮರದ ಗೂಡು ಆಸ್ಪ್ರೆಯದ್ದಲ್ಲ

ಪ್ರಶ್ನೆ: ನಮ್ಮದು ಕುಂಬಳೆ ಸಮೀಪದ ತೆಂಗಿನ ತೋಟ. ಶಿರಿಯ ಹೊಳೆಯ ಅಳಿವೆಗೆ ನಡೆದೇ ಹೋಗಬಹುದು. ತೋಟದ ಅಂಚಿನಲ್ಲಿ ಕುಟುಂಬದ ನಾಗಬನ, ಅದರೊಳಗೆ ಒಂದು ದೊಡ್ಡ ಹಾಲೆಮರ. ಅದರ ಕವಲಿನಲ್ಲಿ ನಾಲ್ಕೈದು ವರ್ಷಗಳಿಂದ ಒಂದು ಜೋಡಿ ದೊಡ್ಡ ಹಕ್ಕಿ ಗೂಡು ಕಟ್ಟುತ್ತಿದೆ. ತಲೆ, ಎದೆ, ಹೊಟ್ಟೆ ಎಲ್ಲ ಬಿಳಿ, ಬೆನ್ನು ಬೂದಿ. ಮೀನು ಹಿಡಿದು ತರುತ್ತವೆ. ಮಗ ಫೋನಿನಲ್ಲಿ ಹುಡುಕಿ ಇದು ಆಸ್ಪ್ರೆ, ಅಂದರೆ ಮೀನು ತಿನ್ನುವ ಒಂದು ಬಗೆಯ ಗಿಡುಗ ಎಂದ. ಅಂದಿನಿಂದ ಸ್ಕಾಟ್ಲೆಂಡಿನ ಆಸ್ಪ್ರೆ ಗೂಡಿನ ನೇರಪ್ರಸಾರ ನೋಡುವುದು ಮನೆಮಂದಿಗೆಲ್ಲ ಚಟವಾಗಿದೆ. ಅಲ್ಲಿ ಚಳಿಗಾಲದಲ್ಲಿ ಗೂಡು ಖಾಲಿ ಇರುವಾಗ ಕ್ಯಾಮೆರಾ ಕೆಲಸ ಮುಗಿಸುತ್ತಾರಂತೆ. ನಾವೂ ಮಗ ಡಿಸೆಂಬರ್ ರಜೆಗೆ ಬಂದಾಗ ಪಕ್ಕದ ತೆಂಗಿನಮರಕ್ಕೆ ಸಿಸಿಟಿವಿ ಕಟ್ಟಿಸಿ ಇಡೀ ಸಂಸಾರವನ್ನು ನೋಡಬೇಕೆಂದಿದ್ದೇವೆ. ಕೆಲವು ಆತಂಕಗಳೂ ಇವೆ. ಎರಡು ವರ್ಷದ ಹಿಂದೆ ಕಾವು ಕೂತರೂ ಮರಿ ಆಗಲಿಲ್ಲ. ಎಂಡೋಸಲ್ಫಾನ್ ವಿಷ ಈಗಲೂ ಇದೆಯೇ? ಹೋದ ವರ್ಷ ಎರಡು ಮರಿ ಕಂಡದ್ದು ಕೆಲವೇ ದಿನಗಳಲ್ಲಿ ಒಂದಾಯಿತು. ನಾಗನ ಪೂಜೆಯ, ಅಂದರೆ ತಂಬಿಲದ ದಿನ ಜನ ಸೇರಿದ್ದಕ್ಕೆ ಹೀಗಾಯಿತೇ? ಬೇಸಿಗೆಯಲ್ಲಿ ಎಲ್ಲಿಂದಲೋ ಒಂದು ಕಂದು ಹದ್ದು ಬಂದು ಇವುಗಳ ಜೊತೆ ಜಗಳಕ್ಕಿಳಿಯಿತು. ಬಾವಿಕಟ್ಟೆಯ ಬಳಿ ಮೀನಿನ ಮುಳ್ಳು ಬೀಳುತ್ತದೆ, ಒಮ್ಮೆ ಹಾವಿನ ತುಂಡೇ ಬಿತ್ತು. ನಾಗಬನದಲ್ಲಿ ಹಾವು ತಿನ್ನುವ ಹಕ್ಕಿ ಇರುವುದು ಸರಿಯಲ್ಲವೆಂದು ಅತ್ತೆಯವರಿಗೆ ಅಳುಕು. ಆ ಕೊಂಬೆ ಕಡಿಸಿಬಿಡಿ ಎನ್ನುತ್ತಾರೆ ನೆರೆಯವರು. ಏನು ಮಾಡಲಿ?

ಉತ್ತರ: ಮೊದಲು ಡಿಸೆಂಬರಿನ ಕ್ಯಾಮೆರಾ ಯೋಜನೆ ಕೈಬಿಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಿಮ್ಮ ಮರದಲ್ಲಿರುವುದು ಆಸ್ಪ್ರೆ ಅಲ್ಲ, ಬಿಳಿಹೊಟ್ಟೆಯ ಕಡಲ ಹದ್ದು. ನೀವು ಕೊಟ್ಟ ವಿವರದಲ್ಲೇ ಉತ್ತರವಿದೆ. ಆಸ್ಪ್ರೆಗೆ ಕಣ್ಣಿನಿಂದ ಕತ್ತಿನವರೆಗೆ ದಪ್ಪ ಕಪ್ಪುಪಟ್ಟಿ ಇರುತ್ತದೆ, ಕಾಡಿಗೆ ತೀಡಿ ಒರೆಸಿದ ಹಾಗೆ. ಬೆನ್ನು ಗಾಢ ಕಂದು. ನಿಮ್ಮ ಹಕ್ಕಿಯ ತಲೆ ಪೂರ್ತಿ ಬಿಳಿ, ಬೆನ್ನು ಬೂದಿ. ಹಾರುವಾಗ ಬಾಲ ನೋಡಿ. ಕಡಲ ಹದ್ದಿನ ಬಾಲ ಗಿಡ್ಡ, ತುದಿ ಬಿಳಿ, ಬೆಣೆಯ ಆಕಾರ. ಗಾಳಿಯಲ್ಲಿ ತೇಲುವಾಗ ರೆಕ್ಕೆಗಳನ್ನು ಮೇಲಕ್ಕೆತ್ತಿ ಹಿಡಿದಿರುತ್ತದೆ. ಆಸ್ಪ್ರೆಯ ರೆಕ್ಕೆ ಸಪೂರ, ಮಣಿಗಂಟಿನಲ್ಲಿ ಮಡಚಿದಂತಿರುತ್ತದೆ. ಗಾತ್ರವೂ ಬೇರೆ: ಆಸ್ಪ್ರೆ ರೆಕ್ಕೆ ಬಿಚ್ಚಿದರೆ ಒಂದೂವರೆ ಮೀಟರಿನ ಆಸುಪಾಸು, ಕಡಲ ಹದ್ದು 2 ಮೀಟರ್ ಮುಟ್ಟುತ್ತದೆ. ಬೇಟೆಯ ರೀತಿ ನೋಡಿದರಂತೂ ಸಂಶಯವೇ ಉಳಿಯದು. ಆಸ್ಪ್ರೆ ಕಾಲು ಮುಂದೆ ಚಾಚಿ ನೀರಿಗೆ ಧುಮುಕಿ ಪೂರ್ತಿ ಒದ್ದೆಯಾಗಿ ಮೇಲೇಳುತ್ತದೆ. ಹಿಡಿದ ಮೀನಿನ ತಲೆಯನ್ನು ಮುಂದಕ್ಕೆ ತಿರುಗಿಸಿಕೊಂಡು ಹಾರುತ್ತದೆ. ಕಡಲ ಹದ್ದು ನೀರಿಗೆ ಮುಳುಗುವುದಿಲ್ಲ, ಮೇಲ್ಮೈಯಿಂದ ಗೀರಿ ಎತ್ತಿಕೊಂಡು ಹೋಗುತ್ತದೆ.

ಇಬ್ಬರಿಗೂ ಹೊಟ್ಟೆಪಾಡು ಮೀನಾದ ಕಾರಣ ಜನ ಒಂದೇ ಹೆಸರಿನಲ್ಲಿ ಕರೆಯುತ್ತಾರೆ. ಕನ್ನಡದಲ್ಲಿ ಮೀನುಗಿಡುಗ ಅಂದರೆ ಯಾವುದೂ ಆಗಬಹುದು. ಮಲಯಾಳಂ ಈ ವಿಷಯದಲ್ಲಿ ಚೊಕ್ಕ: ಆಸ್ಪ್ರೆ ತಾಲಿಪ್ಪರುಂದ್, ಇದು ವೆಳ್ಳವಯರನ್ ಕಡಲ್ ಪರುಂದ್. ಕಾಸರಗೋಡು ಜಿಲ್ಲೆ 2023ರಲ್ಲಿ ತನ್ನದೇ ಜಿಲ್ಲಾ ಪಕ್ಷಿಯನ್ನು ಘೋಷಿಸಿಕೊಂಡಾಗ ಆರಿಸಿದ್ದು ಇದನ್ನೇ. ಜಿಲ್ಲಾ ಮರ ಕಾಸರಕ. ಕೇರಳದಲ್ಲಿ ಕಡಲ ಹದ್ದುಗಳು ಗೂಡು ಕಟ್ಟುವುದು ಬಹುಮಟ್ಟಿಗೆ ಉತ್ತರದ ಕರಾವಳಿಯಲ್ಲಿ, ಅದೂ ಬನಗಳಲ್ಲಿ, ಮಲಯಾಳಿಗಳು ‘ಕಾವು’ ಎನ್ನುವ ದೇವರ ಕಾಡುಗಳಲ್ಲಿ ಉಳಿದ ಹಳೆಯ ಮರಗಳ ಮೇಲೆ. ಹಾಗಾಗಿ ಆಸ್ಪ್ರೆ ಅಲ್ಲವೆಂದು ಬೇಸರ ಬೇಡ. ನಿಮ್ಮ ಬನದಲ್ಲಿರುವುದು ಆಸ್ಪ್ರೆಗಿಂತ ಅಪರೂಪದ ಅತಿಥಿ. ಅತಿಥಿಯೂ ಅಲ್ಲ, ಒಕ್ಕಲು.

ಪಂಚಾಂಗವೇ ತಲೆಕೆಳಗು

ಹೆಸರು ತಪ್ಪಿದರೆ ದೊಡ್ಡ ನಷ್ಟವಿಲ್ಲ, ತಿಂಗಳು ತಪ್ಪಿದರೆ ಗೂಡೇ ಹೋಗುತ್ತದೆ. ಆಸ್ಪ್ರೆ ದಕ್ಷಿಣ ಭಾರತದಲ್ಲಿ ಮೊಟ್ಟೆ ಇಡುವುದಿಲ್ಲ. ಸ್ಕಾಟ್ಲೆಂಡಿನಲ್ಲಿ ಅದು ಮಾರ್ಚ್ ಕೊನೆಗೆ, ಏಪ್ರಿಲಿಗೆ ಗೂಡಿಗೆ ಮರಳಿ, ಏಪ್ರಿಲ್–ಮೇಯಲ್ಲಿ ಸಾಮಾನ್ಯವಾಗಿ 3 ಮೊಟ್ಟೆ ಇಟ್ಟು, ಐದಾರು ವಾರ ಕಾವು ಕೊಟ್ಟು, ಜುಲೈಯಲ್ಲಿ ಮರಿ ಹಾರಿಸಿ, ಆಗಸ್ಟ್–ಸೆಪ್ಟೆಂಬರಿನಲ್ಲಿ ಆಫ್ರಿಕಾದ ಕಡೆ ಹೊರಡುತ್ತದೆ. 1954ರಲ್ಲಿ ಲಾಖ್ ಗಾರ್ಟನ್ ಸರೋವರದ ಬಳಿ ಅವು ಮತ್ತೆ ನೆಲೆಯಾದಂದಿನಿಂದ ಅಲ್ಲಿಯ ಕಾವಲು, ಕ್ಯಾಮೆರಾ, ಮರ ಸವರುವ ಕೆಲಸ ಎಲ್ಲ ನಡೆಯುವುದು ಈ ಲೆಕ್ಕದಲ್ಲಿ. ಅವರಿಗೆ ನವೆಂಬರಿನಿಂದ ಫೆಬ್ರವರಿವರೆಗೆ ಬಿಡುವು.

ನಿಮ್ಮ ಹಾಲೆಮರದಲ್ಲಿ ಆ ನಾಲ್ಕು ತಿಂಗಳೇ ಹೆರಿಗೆ, ಬಾಣಂತನ. ಮಳೆ ಕಳೆದು ಸೆಪ್ಟೆಂಬರ್ ಕೊನೆ, ಅಕ್ಟೋಬರಿಗೆ ಗೂಡಿನ ದುರಸ್ತಿ ಸುರುವಾಗುತ್ತದೆ. ಮೊಟ್ಟೆ ಅಕ್ಟೋಬರಿನಿಂದ ಜನವರಿಯೊಳಗೆ ಯಾವಾಗಲಾದರೂ, ಸಾಮಾನ್ಯವಾಗಿ ಎರಡು. ಕಾವು ಸುಮಾರು 40–42 ದಿನ. ಮರಿ ಹಾರಲು ಮತ್ತೆ 70–80 ದಿನ. ಮಗ ಡಿಸೆಂಬರ್ ರಜೆಗೆ ಬಂದು ಪಕ್ಕದ ತೆಂಗನ್ನು ಹತ್ತುವ ಹೊತ್ತಿಗೆ ಗೂಡಿನಲ್ಲಿ ಮೊಟ್ಟೆಯೋ, ಕಣ್ಣು ಬಿಟ್ಟು ವಾರ ಕಳೆಯದ ಮರಿಯೋ ಇರುತ್ತದೆ. ತಾಯಿ ಎದ್ದು ಹೋಗಿ ಮೇಲೆ ಸುತ್ತು ಹಾಕುತ್ತಾ ಕೂಗುತ್ತದೆ. ನೀವು ಕೆಳಗೆ ಕ್ಲ್ಯಾಂಪ್ ಬಿಗಿಯುವ ಅರ್ಧ ಗಂಟೆ ಸಾಕು. ಬಿಸಿಲಿಗೆ ತೆರೆದ ಮೊಟ್ಟೆ ಕೆಡುತ್ತದೆ, ಕಾಗೆಗೆ ಅಷ್ಟು ಸಮಯವೂ ಬೇಡ.

ನೋಡುವ ಕ್ರಮ

ಇಡೀ ಸಂಸಾರವನ್ನು ಕ್ಯಾಮೆರಾ ಇಲ್ಲದೆಯೇ ನೋಡಬಹುದು, ಗೂಡಿನ ಒಳಗನ್ನು ನೋಡುವ ಹಟ ಬಿಟ್ಟರೆ ಸಾಕು. ಮರದಿಂದ 150–200 ಮೀಟರ್ ದೂರದಲ್ಲಿ ಒಂದೇ ಜಾಗ ಗೊತ್ತುಮಾಡಿ. ಮನೆಯ ಟೆರೇಸು ಅಷ್ಟು ದೂರಕ್ಕೆ ಬಂದರೆ ಅದಕ್ಕಿಂತ ಒಳ್ಳೆಯದಿಲ್ಲ. ಅಲ್ಲಿ ಓಡಾಡುವ ನಿಮ್ಮ ಪರಿಚಯ ಹಕ್ಕಿಗಳಿಗೆ ಆಗಲೇ ಇದೆ. ತೋಟದಲ್ಲೇ ಕೂರುವುದಾದರೆ ಮಡಲಿನ ತಟ್ಟಿ ಕಟ್ಟಿ, ಕಣ್ಣಿನ ಮಟ್ಟಕ್ಕೆ ಒಂದು ಗೇಣಿನ ಕಿಂಡಿ ಬಿಡಿ. ತಟ್ಟಿಯನ್ನು ಸೆಪ್ಟೆಂಬರ್ ನಡುವೆಯೇ ಕಟ್ಟಿ ಮುಗಿಸಬೇಕು. ಹಕ್ಕಿ ಬಂದ ಮೇಲೆ ಹೊಸದಾಗಿ ಎದ್ದ ಯಾವ ವಸ್ತುವೂ ಅದಕ್ಕೆ ಸಂಶಯವೇ.

ಬೈನಾಕ್ಯುಲರ್ 8×42 ಅಥವಾ 10×42 ಸಾಕು; ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. 200 ಮೀಟರಿನ ಗೂಡು 10 ಪಟ್ಟಿನಲ್ಲಿ 20 ಮೀಟರಿನಲ್ಲಿ ಇದ್ದ ಹಾಗೆ ಕಾಣುತ್ತದೆ. ಮರಿಯ ಗರಿ, ತಂದ ಮೀನಿನ ಜಾತಿ ಗುರುತಿಸಬೇಕೆಂದರೆ 20–60 ಪಟ್ಟಿನ ಸ್ಪಾಟಿಂಗ್ ಸ್ಕೋಪ್ ಎಂಬ ಸಣ್ಣ ದೂರದರ್ಶಕ ಬೇಕು, ಅದಕ್ಕೆ ಗಟ್ಟಿ ಟ್ರೈಪಾಡ್. 30ರ ಆಚೆಗೆ ತಿರುಗಿಸಿದರೆ ನಮ್ಮ ಕರಾವಳಿಯ ಬಿಸಿಗಾಳಿಯಲ್ಲಿ ಚಿತ್ರ ಕುದಿಯುವ ನೀರಿನಂತೆ ನಡುಗುತ್ತದೆ, ಮುಖ್ಯವಾಗಿ 11 ಗಂಟೆಯ ನಂತರ. ಬೆಳಿಗ್ಗೆ ಮರದ ಪೂರ್ವಕ್ಕೆ ಕೂತರೆ ಬೆಳಕು ನಿಮ್ಮ ಬೆನ್ನಿಗೆ. ಸಂಜೆ ಅದೇ ಜಾಗದಲ್ಲಿ ಕೂತರೆ ಕಡಲ ಕಡೆಯ ಸೂರ್ಯ ಕಣ್ಣಿಗೇ ಹೊಡೆಯುತ್ತದೆ, ಹಕ್ಕಿ ಬರೀ ಕಪ್ಪು ನೆರಳು. ಎರಡು ಹೊತ್ತು ನೋಡುವವರು ಎರಡು ಜಾಗ ಮಾಡಿಕೊಳ್ಳುವುದು ಅದಕ್ಕೇ.

ದೂರ ಸಾಕೋ ಸಾಲದೋ ಎಂಬುದನ್ನು ಟೇಪು ಹಿಡಿದು ಅಳೆಯಬೇಡಿ, ಹಕ್ಕಿಯನ್ನೇ ಕೇಳಿ. ಗರಿ ತಿದ್ದಿಕೊಳ್ಳುತ್ತಾ, ಕಡಲು ನೋಡುತ್ತಾ ಇದ್ದರೆ ಸರಿ. ಕೆಲಸ ನಿಲ್ಲಿಸಿ ಕತ್ತು ಚಾಚಿ ನಿಮ್ಮನ್ನೇ ನೋಡತೊಡಗಿದರೆ ಹತ್ತಿರವಾಗಿದ್ದೀರಿ. ಕಾವಿನಿಂದ ಎದ್ದು ನಿಂತರೆ, ಬಾತುಕೋಳಿಯ ದನಿಯಲ್ಲಿ ಒಂದೇ ಸವನೆ ಕೂಗಿದರೆ, ಆಗಲೇ ಹಿಂದೆ ಸರಿಯಬೇಕು. ಬೆಳಗಿನ ಜಾವ ಜೋಡಿಯಾಗಿ ಕೂಗುವುದು ಬೇರೆ. ಅದು ಗಂಡಹೆಂಡಿರ ಸುಪ್ರಭಾತ, ಗಾಬರಿಯಲ್ಲ.

ಗಂಡು ಹೆಣ್ಣಿನ ಬಣ್ಣ ಒಂದೇ. ಎರಡೂ ಪಕ್ಕದಲ್ಲಿ ಕೂತಾಗ ದಪ್ಪದ್ದು ಹೆಣ್ಣು. ಒಂದು ನೋಟ್‌ಬುಕ್ ಇಟ್ಟು ‘ದೊಡ್ಡದು’, ‘ಸಣ್ಣದು’ ಎಂದೇ ಬರೆಯಿರಿ. ‘7.10: ದೊಡ್ಡದು ಕೂತಿದೆ, ತಲೆ ಮಾತ್ರ ಕಾಣುತ್ತದೆ. 8.25: ಸಣ್ಣದು ಹಸಿರು ಸೊಪ್ಪಿನ ಗೆಲ್ಲು ತಂದಿತು. 8.27: ಪಾಳಿ ಬದಲು.’ ಇಷ್ಟು ಸಾಕು. ‘ತಾಯಿ ಪ್ರೀತಿಯಿಂದ ನೋಡಿತು’ ಎಂದೆಲ್ಲ ಬರೆದರೆ ಮೂರು ತಿಂಗಳ ನಂತರ ಆ ಪುಟ ಯಾವ ಲೆಕ್ಕಕ್ಕೂ ಬಾರದು.

ಬರೆದದ್ದರಿಂದಲೇ ಗೂಡಿನ ಒಳಗು ತಿಳಿಯುತ್ತದೆ. ಒಣಕಡ್ಡಿ ಬರುತ್ತಿದ್ದರೆ ಇನ್ನೂ ಗೋಡೆಗೆಲಸ. ಹಸಿರು ಸೊಪ್ಪು ಬರತೊಡಗಿದರೆ ಹಾಸಿಗೆ ಹಾಸುತ್ತಿವೆ, ಮೊಟ್ಟೆ ಹತ್ತಿರ. ಹಗಲಿಡೀ ಒಂದಲ್ಲ ಒಂದು ಹಕ್ಕಿ ತಗ್ಗಿ ಕೂತೇ ಇದ್ದರೆ ಆ ದಿನವನ್ನು ಒಂದನೆಯ ದಿನವೆಂದು ಗುರುತು ಹಾಕಿ. ಅದು ನವೆಂಬರ್ 5 ಆಗಿದ್ದರೆ ಮರಿ ಒಡೆಯುವುದು ಡಿಸೆಂಬರ್ 15–17ರ ಹೊತ್ತಿಗೆ, ಮೊದಲ ಹಾರಾಟ ಫೆಬ್ರವರಿ ಕೊನೆಯ ವಾರದಿಂದ ಮಾರ್ಚ್ ಮೊದಲ ವಾರದೊಳಗೆ. ಮರಿ ಒಡೆದದ್ದು ಕಣ್ಣಿಗೆ ಕಾಣುವುದಿಲ್ಲ, ನಡವಳಿಕೆಯಲ್ಲಿ ಕಾಣುತ್ತದೆ: ಅಷ್ಟು ದಿನ ಕಲ್ಲಿನಂತೆ ಕೂತಿದ್ದ ಹಕ್ಕಿ ಮತ್ತೆ ಮತ್ತೆ ಎದ್ದು ಗೂಡಿನೊಳಗೆ ಬಗ್ಗುತ್ತದೆ, ಮೀನಿನಿಂದ ಉಗುರಿನಷ್ಟು ಚೂರು ಕಿತ್ತು ಕೊಕ್ಕು ತಗ್ಗಿಸಿ ತಡೆದು ನಿಲ್ಲುತ್ತದೆ. ಮೂರನೆಯ ವಾರಕ್ಕೆ ಗೂಡಿನ ಅಂಚಿನಾಚೆ ಸುಣ್ಣ ಎರಚಿದಂತೆ ಬಿಳಿ ಹಿಕ್ಕೆ, ಕೆಳಗಿನ ಎಲೆಗಳ ಮೇಲೂ. ಐದನೆಯ ವಾರಕ್ಕೆ ಮರಿಯ ಮೈಮೇಲೆ ಕಂದು ಗರಿ. ಎಂಟನೆಯ ವಾರಕ್ಕೆ ಗಾಳಿಗೆ ರೆಕ್ಕೆ ಬಿಚ್ಚಿ ನಿಂತಲ್ಲೇ ಜಿಗಿತ.

ಕಾವು ಕೊಡುತ್ತಿಲ್ಲದಿದ್ದರೂ ಹಾರುವ ಮುಂಚಿನ ಎರಡು ವಾರ ಹೆಚ್ಚು ಎಚ್ಚರ ಬೇಕು. ಆ ವಯಸ್ಸಿನ ಮರಿ ಬೆದರಿದರೆ ರೆಕ್ಕೆಗೆ ಶಕ್ತಿ ಬರುವ ಮೊದಲೇ ಗೂಡಿನಿಂದ ಹಾರಿಬಿಡುತ್ತದೆ, ನೆಲಕ್ಕೆ ಬೀಳುತ್ತದೆ, ನಾಯಿಗೆ ಸಿಗುತ್ತದೆ. ಹೀಗೆ ಬಿದ್ದದ್ದು ಸಿಕ್ಕರೆ ನಾಯಿಗಳನ್ನು ಕಟ್ಟಿಸಿ, ದಪ್ಪ ಬಟ್ಟೆಯನ್ನು ತಲೆಯ ಮೇಲೆ ಬರುವಂತೆ ಹೊದಿಸಿ. ಭಯ ಕೊಕ್ಕಿನದ್ದಲ್ಲ, ಕಾಲುಗುರಿನದ್ದು. ಮೊದಲು ಹಿಡಿಯಬೇಕಾದದ್ದು ಎರಡೂ ಕಾಲು. ಗಾಳಿಯಾಡುವ ರಟ್ಟಿನ ಪೆಟ್ಟಿಗೆಗೆ ಇಟ್ಟು ಕತ್ತಲೆ ಮಾಡಿ ಅರಣ್ಯ ಇಲಾಖೆಯ ರೇಂಜ್ ಕಚೇರಿಗೆ ಫೋನ್ ಮಾಡಿ. ಬಾಯಿಗೆ ನೀರು ಹೊಯ್ಯಬೇಡಿ, ಶ್ವಾಸಕ್ಕೆ ಹೋಗುತ್ತದೆ. ಮನುಷ್ಯ ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಕಟ್ಟುಕತೆ. ಗಾಯವಿಲ್ಲದಿದ್ದರೆ ಅದೇ ಮರದ ಹತ್ತಿರ ಎತ್ತರದಲ್ಲಿ ಇಟ್ಟರೂ ತಂದೆತಾಯಿ ತಿನ್ನಿಸುವುದುಂಟು. ಆದರೆ ಆ ತೀರ್ಮಾನ ಇಲಾಖೆಯವರದ್ದಾಗಿರಲಿ. ಕಾಲಿಗೆ ಗಾಳದ ನೈಲಾನ್ ನೂಲು, ನಮ್ಮವರ ಬಾಯಲ್ಲಿ ತಂಗೂಸು, ಸುತ್ತಿದ್ದರೆ ಎಳೆಯಬೇಡಿ. ಅದು ಮಾಂಸಕ್ಕೆ ಇಳಿದಿರುತ್ತದೆ. ಅಳಿವೆಯ ಬದಿಯಲ್ಲಿ ಬಿದ್ದ ತಂಗೂಸನ್ನು ವಾರಕ್ಕೊಮ್ಮೆ ಹೆಕ್ಕಿ ತರುವುದು ಈ ಜೋಡಿಗೆ ನೀವು ಮಾಡಬಹುದಾದ ಅತಿ ಅಗ್ಗದ ಉಪಕಾರ.

ಕ್ಯಾಮೆರಾ ಬೇಕೇ ಬೇಕೆಂದರೆ

ಆಗದ ಕೆಲಸವಲ್ಲ, ಆದರೆ ಕಷ್ಟದ್ದು. ಅರಣ್ಯ ಇಲಾಖೆಯ ಲಿಖಿತ ಒಪ್ಪಿಗೆ ಮೊದಲು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಹಕ್ಕಿಯ ಮೊಟ್ಟೆಗೋ ಗೂಡಿಗೋ ತೊಂದರೆ ಕೊಡುವುದೂ ‘ಬೇಟೆ’ಯ ವ್ಯಾಖ್ಯೆಯೊಳಗೇ ಬರುತ್ತದೆ. ಕಡಲ ಹದ್ದು ಆ ಕಾಯ್ದೆಯ ಮೊದಲನೆಯ ಅನುಸೂಚಿಯ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯ ಹಕ್ಕಿ; ಶಿಕ್ಷೆ ಕನಿಷ್ಠ 3 ವರ್ಷ ಸೆರೆ, 2022ರ ತಿದ್ದುಪಡಿಯ ನಂತರ ಕನಿಷ್ಠ 25,000 ರೂಪಾಯಿ ದಂಡ. ಒಳ್ಳೆಯ ಉದ್ದೇಶಕ್ಕೆ ಮಾಡಿದ್ದು ಎಂದರೆ ಬಿಡುವ ಕಲಮು ಅದರಲ್ಲಿಲ್ಲ.

ಕಟ್ಟುವುದಕ್ಕೆ ನಿಜವಾಗಿ ಸಿಗುವುದು ಎರಡು ಕಿಂಡಿ: ಮೇ ದ್ವಿತೀಯಾರ್ಧ, ಇಲ್ಲವೇ ಸೆಪ್ಟೆಂಬರ್ ಮೊದಲ ವಾರ. ನಡುವಿನ ಮಳೆಯಲ್ಲಿ ಪಾಚಿ ಹಿಡಿದ ಮರಕ್ಕೆ ಯಾರನ್ನೂ ಹತ್ತಿಸಬೇಡಿ. ತೆಂಗಿನ ಕಾಂಡಕ್ಕೆ ಮೊಳೆ, ಸ್ಕ್ರೂ ಕೂಡದು; ಆ ಗಾಯದಿಂದ ಕೆಂಪುಮೂತಿ ಹುಳ ಒಳಸೇರುತ್ತದೆ, ಎರಡು ವರ್ಷದಲ್ಲಿ ಮರವೂ ಇಲ್ಲ ಕ್ಯಾಮೆರಾವೂ ಇಲ್ಲ. ಅಗಲದ ಬೆಲ್ಟ್ ಸುತ್ತಿ ಬಿಗಿಯಬೇಕು. ಗಾಳಿಗೆ ತೆಂಗು ತೂಗುವುದರಿಂದ ಚಿತ್ರವೂ ತೂಗುತ್ತದೆ, ಅದಕ್ಕೆ ಪರಿಹಾರವಿಲ್ಲ. ರಾತ್ರಿ ನೋಟಕ್ಕೆ ಸಾಮಾನ್ಯ ಸಿಸಿಟಿವಿಯ 850 ನ್ಯಾನೊಮೀಟರ್ ಇನ್‌ಫ್ರಾರೆಡ್ ದೀಪ ಮಂಕಾಗಿ ಕೆಂಪಗೆ ಹೊಳೆಯುತ್ತದೆ, 940ರದ್ದು ಹೊಳೆಯುವುದಿಲ್ಲ. ಮರದಿಂದ ಮನೆಗೆ ಎಳೆದ ಕೇಬಲ್ ಏಪ್ರಿಲ್–ಮೇ ಗುಡುಗಿನಲ್ಲಿ ಸಿಡಿಲಿಗೆ ಕೊಟ್ಟ ದಾರಿ. ಇಷ್ಟೆಲ್ಲ ಮಾಡಿದ ಮೇಲೂ ಲೆನ್ಸಿನ ಮೇಲೆ ಜೇಡ ಬಲೆ ಕಟ್ಟಿದರೆ ಮರಿ ಹಾರುವವರೆಗೆ ಒರೆಸಲು ಹೋಗುವಂತಿಲ್ಲ.

ನನ್ನನ್ನು ಕೇಳಿದರೆ, ಅದೇ ದುಡ್ಡಿಗೆ 25 ಪಟ್ಟು ಆಪ್ಟಿಕಲ್ ಜೂಮ್ ಇರುವ, ತಿರುಗುವ ಕ್ಯಾಮೆರಾವನ್ನು ನಿಮ್ಮ ಟೆರೇಸಿನ ಕಂಬಕ್ಕೆ ಕೂರಿಸಿ. ಗೂಡಿನ ತಳ ಕಾಣದು, ಉಳಿದದ್ದೆಲ್ಲ ಕಾಣುತ್ತದೆ; ಕೆಟ್ಟರೆ ಏಣಿ ಇಟ್ಟು ಸರಿಮಾಡಬಹುದು. ಡಿಜಿಟಲ್ ಜೂಮ್ ಎಂದು ಬರೆದದ್ದಕ್ಕೆ ಮೋಸಹೋಗಬೇಡಿ, ಅದು ಫೋಟೋವನ್ನು ಹಿಗ್ಗಿಸುವುದಷ್ಟೆ. ಡ್ರೋನ್ ಮಾತ್ರ ಬೇಡವೇ ಬೇಡ. ಜೋಡಿ ಅದರ ಮೇಲೆರಗುತ್ತದೆ, ರೆಕ್ಕೆಗೆ ಬ್ಲೇಡು ತಗಲುತ್ತದೆ. ಫೋನಿನಲ್ಲಿ ಅದರದ್ದೇ ಕೂಗು ಹಾಕಿ ಕರೆಸುವುದೂ ಬೇಡ. ತನ್ನ ಜಾಗಕ್ಕೆ ಪರಕೀಯ ಬಂದನೆಂದು ಮೊಟ್ಟೆ ಬಿಟ್ಟು ಹೊರಡುತ್ತದೆ.

ಸತ್ತ ಮರಿ, ಆಗದ ಮೊಟ್ಟೆ, ಕಂದು ಹದ್ದು

ಎರಡು ಮರಿ ಒಂದಾದದ್ದಕ್ಕೆ ನಿಮ್ಮ ತಂಬಿಲ ಕಾರಣವಲ್ಲ ಎಂದು ಬಹುಪಾಲು ಧೈರ್ಯದಿಂದ ಹೇಳಬಹುದು. ಕಡಲ ಹದ್ದಿನ ಎರಡು ಮೊಟ್ಟೆ ಒಂದೇ ದಿನ ಒಡೆಯುವುದಿಲ್ಲ. ಮೊದಲು ಬಂದದ್ದು ದೊಡ್ಡದಾಗಿರುತ್ತದೆ, ತುತ್ತಿಗೆ ಮೊದಲು ಕೊಕ್ಕು ಚಾಚುತ್ತದೆ, ತಮ್ಮನನ್ನು ಕುಕ್ಕುತ್ತದೆ. ತಾಯಿ ಅಡ್ಡ ಬರುವುದಿಲ್ಲ. ಮೀನು ಸಮೃದ್ಧವಾಗಿದ್ದ ವರ್ಷ ಎರಡೂ ಉಳಿಯಬಹುದು. ಸಾಧಾರಣ ವರ್ಷದಲ್ಲಿ ಒಂದೇ. ನೋಡುವುದಕ್ಕೆ ಸಂಕಟವಾದರೂ ನಡುವೆ ಕೈ ಹಾಕಬೇಡಿ. ಬನದಲ್ಲಿ ಹತ್ತಾರು ಜನ ಅರ್ಧ ಗಂಟೆ ನಿಂತು ಕೈಮುಗಿದು ಹೋಗುವುದು ಈ ಹಕ್ಕಿಗೆ ದೊಡ್ಡ ವಿಷಯವಲ್ಲ. ಹಳೆಯ ದೊಡ್ಡ ಮರ ಉಳಿದಿರುವುದರಿಂದಲೂ, ಅದನ್ನು ಯಾರೂ ಹತ್ತದಿರುವುದರಿಂದಲೂ ಅದು ಬನ ಆರಿಸಿಕೊಂಡಿರಬಹುದು. ಗರ್ನಾಲು ಮಾತ್ರ ಬೇರೆ ಮಾತು. ದೀಪಾವಳಿ, ಕೋಲ, ತೆಯ್ಯಂ ಎಲ್ಲ ಬರುವುದು ಮೊಟ್ಟೆಯ ಕಾಲದಲ್ಲೇ. ಆ ಒಂದು ಬನದ ಹತ್ತಿರ ಸಿಡಿಮದ್ದು ಬೇಡವೆಂದು ಕುಟುಂಬದ ಹಿರಿಯರಲ್ಲಿ ಮೊದಲೇ ಮಾತಾಡಿಕೊಳ್ಳಿ.

ಇದಕ್ಕಿಂತ ನನಗೆ ಹೆಚ್ಚು ಚಿಂತೆ ತೆಂಗಿನಕಾಯಿ ಕೊಯ್ಲಿನದ್ದು. ನೆಲದಲ್ಲಿ ನಡೆಯುವವನನ್ನು ಹಕ್ಕಿ ಸಹಿಸುತ್ತದೆ, ಗೂಡಿನ ಮಟ್ಟಕ್ಕೆ ಏರಿ ಬಂದವನನ್ನು ಸಹಿಸುವುದಿಲ್ಲ. 45 ದಿನಕ್ಕೊಮ್ಮೆ ಕೊಯ್ಯುವವರಾದರೆ ಒಂದು ಕೊಯ್ಲನ್ನು ಸೆಪ್ಟೆಂಬರ್ ಮೂರನೆಯ ವಾರಕ್ಕೆ ಬರುವಂತೆ ಹೊಂದಿಸಿ. ನಂತರ ಗೂಡಿಗೆ ತೀರ ಹತ್ತಿರದ ಐದಾರು ಮರಗಳನ್ನು ಮರಿಗೆ ಒಂದು ತಿಂಗಳಾಗುವವರೆಗೆ ಬಿಟ್ಟುಬಿಡಿ. ಒಣಗಿದ ಕಾಯಿ ತಾನಾಗಿ ಬೀಳುತ್ತದೆ, ಹೆಕ್ಕಿದರಾಯಿತು. ಹತ್ತಲೇಬೇಕಾದರೆ ಬೆಳಿಗ್ಗೆ 8ರಿಂದ 10ರೊಳಗೆ, 20 ನಿಮಿಷದಲ್ಲಿ ಮುಗಿಸಬೇಕು, ನಡುಮಧ್ಯಾಹ್ನ ಬೇಡ. ಎರಡು ವರ್ಷದ ಹಿಂದೆ ಕಾವು ವ್ಯರ್ಥವಾದದ್ದಕ್ಕೆ ಆ ತಿಂಗಳಿನ ಕೊಯ್ಲಿನ ದಿನಾಂಕವನ್ನು ಒಮ್ಮೆ ಪಕ್ಕದಲ್ಲಿಟ್ಟು ನೋಡಿ.

ಎಂಡೋಸಲ್ಫಾನ್ ಹೆಸರು ನಮ್ಮ ಜಿಲ್ಲೆಯಲ್ಲಿ ಯಾರ ಬಾಯಿಗೂ ಮೊದಲು ಬರುವುದು ಸಹಜ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಚೆಲ್ಲಿದ್ದು 2000ದವರೆಗೆ. 2011ರಲ್ಲಿ ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. ಆದರೆ ಮೀನು ತಿನ್ನುವ ಹದ್ದುಗಳ ಮೊಟ್ಟೆ ಕೆಡಿಸಿದ್ದು ಎಂದು ಲೋಕವಿಖ್ಯಾತವಾದದ್ದು ಡಿಡಿಟಿ. ಅದರಿಂದಾಗುವ ಡಿಡಿಇ ಎಂಬ ವಸ್ತು ಹಕ್ಕಿಯ ಕೊಬ್ಬಿನಲ್ಲಿ ಸೇರಿಕೊಂಡು ಚಿಪ್ಪಿಗೆ ಸುಣ್ಣ ಕೂಡದಂತೆ ಮಾಡುತ್ತದೆ. ಕಾವು ಕೂತ ತಾಯಿಯ ಭಾರಕ್ಕೇ ಮೊಟ್ಟೆ ಬಿರಿಯುತ್ತದೆ. ಅಮೆರಿಕದಲ್ಲಿ ಆಸ್ಪ್ರೆ ಕುಸಿದದ್ದು ಹಾಗೆ, 1972ರ ನಿಷೇಧದ ನಂತರ ಚೇತರಿಸಿದ್ದೂ ಹಾಗೆ. ಒಂದು ಜೋಡಿಯ ಒಂದು ವರ್ಷದ ಸೋಲಿನಿಂದ ವಿಷವೆಂದು ತೀರ್ಮಾನಿಸಲಾಗದು. ಹೋದ ವರ್ಷ ಮರಿ ಆಗಿದೆಯಲ್ಲ, ಅದೇ ಸಾಕ್ಷಿ. ಸತತವಾಗಿ ಮೂರು ವರ್ಷ ಪೂರ್ತಿ ಅವಧಿ ಕಾವು ಕೂತೂ ಮರಿ ಆಗದಿದ್ದರೆ ಆಗ ಯೋಚಿಸಬೇಕು. ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದ ಬಗ್ಗೆ ಕೆಲವರು ಕೇಳುವುದುಂಟು. 100 ಲೀಟರಿಗೆ ಒಂದೊಂದು ಕಿಲೋ ಮೈಲುತುತ್ತು, ಸುಣ್ಣ ಹಾಕಿ ಮಳೆಗೆ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುವ ಹೊತ್ತಿಗೆ ಗೂಡು ಖಾಲಿ. ಗೇರು ಚಿಗುರಿಗೆ, ಹೂವಿಗೆ ಹೊಡೆಯುವ ಕೀಟನಾಶಕ ಮಾತ್ರ ಮೊಟ್ಟೆ ಮರಿಯ ಕಾಲಕ್ಕೇ ಬೀಳುತ್ತದೆ. ಬನದ ಮಗ್ಗುಲಿನ ಗೇರುಮರಗಳಿಗೆ ಪವರ್ ಸ್ಪ್ರೇಯರ್ ತಿರುಗಿಸಬೇಡಿ. ಇಲಿಪಾಷಾಣ ತಿಂದು ಸತ್ತ ಇಲಿಯನ್ನು ಬಯಲಿಗೆ ಎಸೆಯುವುದೂ ಅಪಾಯ, ಈ ಹದ್ದು ಸತ್ತದ್ದನ್ನೂ ತಿನ್ನುತ್ತದೆ.

ಜಗಳಕ್ಕೆ ಬಂದ ಕಂದು ಹದ್ದು ಹೊರಗಿನದ್ದಲ್ಲ, ಬಹುಶಃ ಅವುಗಳದ್ದೇ ಮಗ ಅಥವಾ ಮಗಳು. ಮರಿ ಕಂದುಬಣ್ಣದಲ್ಲಿ ಹಾರುತ್ತದೆ, ಬಿಳಿ ಬೂದಿ ಆಗಲು ನಾಲ್ಕೈದು ವರ್ಷ ಬೇಕು. ಹಾರಿದ ಮೇಲೂ ಕೆಲವು ತಿಂಗಳು ಮರದ ಸುತ್ತಲೇ ಕೂಗಿ ಕೂಗಿ ಮೀನು ಬೇಡುತ್ತದೆ. ಒಂದು ದಿನ ಕೊಡುವುದು ನಿಲ್ಲುತ್ತದೆ, ಆಮೇಲೆ ಅಟ್ಟುತ್ತಾರೆ.

ಬಾವಿ, ಹಾವು, ಕೊಂಬೆ

ಬಿದ್ದ ಹಾವಿನ ತುಂಡು ಬನದ ಹಾವಿನದ್ದಾಗಿರಲಾರದು. ಕಡಲ ಹಾವು ಇವುಗಳಿಗೆ ಮೀನಿನಷ್ಟೇ ಇಷ್ಟದ ಆಹಾರ. ಬಾಲ ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿದ್ದರೆ ಕಡಲ ಹಾವೇ. ಅತ್ತೆಯವರಿಗೆ ಅದನ್ನು ತೋರಿಸಿದರೆ ಅಳುಕು ಅರ್ಧ ಇಳಿಯಬಹುದು. ಗರುಡನಿಗೂ ನಾಗನಿಗೂ ಹಳೆಯ ವೈರವೆನ್ನುವವರಿಗೆ, ಈ ಹಕ್ಕಿ ಗರುಡನೂ ಅಲ್ಲ ಎಂದು ಹೇಳಬಹುದು. ಕರಾವಳಿಯವರು ಕೈಮುಗಿಯುವ ಗರುಡ ಬಿಳಿತಲೆ, ಇಟ್ಟಿಗೆಬಣ್ಣದ ಮೈಯ ಸಣ್ಣ ಹಕ್ಕಿ. ಆದರೆ ಬರಿಗೈಯಲ್ಲಿ ಆ ತುಂಡು ಹೆಕ್ಕಬೇಡಿ. ಕಡಲ ಹಾವಿನ ವಿಷ ಪ್ರಬಲ, ಕಡಿದು ಬಿದ್ದ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ಸಲಿಕೆಯಲ್ಲಿ ಎತ್ತಿ ಹೂಳಿ.

ಬಾವಿಗೆ ಸಣ್ಣ ಕಣ್ಣಿನ ಬಲೆ ಹೊದಿಸಿ. ಏನಾದರೂ ಒಳಗೆ ಬಿದ್ದರೆ ತೆಗೆದು ಕ್ಲೋರಿನ್ ಹಾಕಿದರೆ ಸಾಕು. ಲೆಕ್ಕ ಸುಲಭ: ಅಡ್ಡಳತೆ 2 ಮೀಟರ್, ನೀರು 3 ಮೀಟರ್ ಆಳವಿದ್ದರೆ ಸುಮಾರು 9,400 ಲೀಟರ್. 1,000 ಲೀಟರಿಗೆ 2.5 ಗ್ರಾಮಿನಂತೆ 24 ಗ್ರಾಮ್ ಬ್ಲೀಚಿಂಗ್ ಪೌಡರ್. ಬಕೆಟಿನಲ್ಲಿ ಕದಡಿ, ಹತ್ತು ನಿಮಿಷ ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಬಾವಿಗೆ ಇಳಿಸಿ ಕೊಡದಿಂದ ಕಲಕಿ, ಒಂದು ಗಂಟೆ ಬಿಟ್ಟು ಬಳಸಿ. ಸತ್ತ ಪ್ರಾಣಿಯೇ ಕೊಳೆತಿದ್ದರೆ ಇದರ ಎರಡರಷ್ಟು.

ಕೊಂಬೆ ಕಡಿಸುವ ಮಾತಿಗೆ ಬಂದರೆ, ನೆರೆಯವರ ಭಯ ಪೂರ್ತಿ ಸುಳ್ಳಲ್ಲ. ವರ್ಷ ವರ್ಷ ಕಡ್ಡಿ ಪೇರಿಸಿದ ಗೂಡು ಭಾರಿ ತೂಕವಾಗುತ್ತದೆ, ಹಾಲೆ ಮೆದು ಮರ, ಮಳೆಗೆ ನೆನೆದ ಗೂಡು ಜೂನ್–ಜುಲೈ ಗಾಳಿಯಲ್ಲಿ ಕೊಂಬೆಸಮೇತ ಬೀಳಬಹುದು. ಕೆಳಗೆ ಮನೆಯಿದೆಯೇ, ಬರೀ ಬನವೇ? ಬನವಾದರೆ ಬೀಳಲಿ, ಜೋಡಿ ಅದೇ ಮರದಲ್ಲೋ ಪಕ್ಕದ ಮಾವಿನಲ್ಲೋ ಮತ್ತೆ ಕಟ್ಟುತ್ತದೆ. ಮನೆಯ ಮೇಲೆ ಚಾಚಿದ್ದರೆ ಮೇ ತಿಂಗಳಿನಲ್ಲಿ, ಮರಿ ಗೂಡು ಬಿಟ್ಟ ಮೇಲೆ, ಪಂಚಾಯತಿಗೂ ಅರಣ್ಯ ಇಲಾಖೆಗೂ ಅರ್ಜಿ ಕೊಟ್ಟು ಅವರ ಎದುರಲ್ಲೇ ಬೇರೆ ಕೊಂಬೆಗಳನ್ನು ಸವರಿ ಭಾರ ಇಳಿಸುವುದು ಮೊದಲ ದಾರಿ. ಗೂಡಿನ ಕವಲನ್ನು ಮುಟ್ಟುವುದು ಕೊನೆಯದು. ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣದಲ್ಲಿ ದಾರಿಬದಿಯ ದೊಡ್ಡ ಮರಗಳು ಎಷ್ಟು ಹೋದವೆಂದು ನೀವೇ ನೋಡಿದ್ದೀರಿ. ಈ ಗಾತ್ರದ ಗೂಡು ಹೊರಬಲ್ಲ ಮರ ಸುತ್ತಲಿನಲ್ಲಿ ಎಷ್ಟು ಉಳಿದಿವೆ ಎಂದು ಒಮ್ಮೆ ಎಣಿಸಿ, ಆಮೇಲೆ ಕತ್ತಿ ಎತ್ತಿ. ಆಟಿ ಅಮಾವಾಸ್ಯೆಗೆ ಕಷಾಯಕ್ಕೆಂದು ತೊಗಟೆ ಜಜ್ಜಿ ತೆಗೆಯುವುದರಿಂದ ಹಕ್ಕಿಗೆ ಏನೂ ಇಲ್ಲ, ಆಗ ಗೂಡು ಖಾಲಿ. ಕಾಂಡದ ಸುತ್ತ ಪೂರ್ತಿ ತೊಗಟೆ ಹೋಗದಂತೆ ನೋಡಿಕೊಂಡರಾಯಿತು.

ಗೂಡಿನ ಫೋಟೋವನ್ನು ಬನ ಯಾವುದೆಂದು ಗೊತ್ತಾಗುವ ಹಾಗೆ ವಾಟ್ಸಾಪಿಗೆ ಹಾಕಬೇಡಿ. ಭಾನುವಾರ ಬೆಳಿಗ್ಗೆ ಇಪ್ಪತ್ತು ಕ್ಯಾಮೆರಾ ಮರದಡಿ ನಿಂತಿರುತ್ತದೆ. ಹಕ್ಕಿ ನೋಡುವವರು ಕಂಡದ್ದನ್ನು ಬರೆದಿಡುವ ಇ-ಬರ್ಡ್ ಜಾಲತಾಣಕ್ಕೆ ದಾಖಲಿಸುವುದಾದರೆ ಊರಿನ ಹೆಸರು ಸಾಕು, ಗುರುತು ಬಿಂದುವನ್ನು ಮರದ ಮೇಲೆ ಇಡಬೇಡಿ.

ಇನ್ನು ಮಗನ ಆಸ್ಪ್ರೆ. ಅದನ್ನೂ ನೋಡಬಹುದು. ಅಕ್ಟೋಬರಿನಿಂದ ಮಾರ್ಚಿನವರೆಗೆ ನೀರಿಳಿತದ ಹೊತ್ತಿಗೆ ಅಳಿವೆಯ ಬದಿಯಲ್ಲಿ ಕೂತು, ನೀರಿನ ನಡುವಿನ ಬಲೆಕಂಬಗಳನ್ನು, ಒಣ ಮರದ ತುದಿಗಳನ್ನು ಒಂದೊಂದಾಗಿ ಬೈನಾಕ್ಯುಲರಿನಲ್ಲಿ ನೋಡುತ್ತಾ ಹೋಗಿ. ಕಪ್ಪುಪಟ್ಟಿಯ ಹಕ್ಕಿ ಒಂಟಿಯಾಗಿ ಕೂತು ಮೀನು ಕೀಳುತ್ತಿರುತ್ತದೆ. ಮೇ ತಿಂಗಳಲ್ಲೂ ಒಂದು ಉಳಿದುಕೊಂಡಿದ್ದರೆ ಇಲ್ಲೇ ಗೂಡು ಕಟ್ಟಲು ಹೊರಟಿದೆಯೆಂದು ತಿಳಿದು ಅದಕ್ಕೆ ಅಟ್ಟಣೆ ಕಟ್ಟಿಸಬೇಡಿ. ಅದು ಹಿಂದಿನ ವರ್ಷ ಹುಟ್ಟಿದ್ದು. ಎಳೆಯ ಆಸ್ಪ್ರೆ ಮೊದಲ ಬೇಸಿಗೆಯನ್ನು ಚಳಿಗಾಲದ ನೆಲೆಯಲ್ಲೇ ಕಳೆದು ಮರುವರ್ಷ ಉತ್ತರಕ್ಕೆ ಹೊರಡುತ್ತದೆ.